ಬುನಾದಿ ಗಟ್ಟಿಯಾಗಿದೆ, ಸ್ವಾಮಿ!

ಮುಂದಿನ ಆರ್ಥಿಕ ಬಿಕ್ಕಟ್ಟಿನ ರಾತ್ರಿ ಟೀವಿಯಲ್ಲಿ ಕಾಣಿಸಿಕೊಂಡು ದೇಶದ ಜನರಿಗೆ ಧೈರ್ಯ ಹೇಳಲಿರುವ ಮಾನ್ಯ ನಾಯಕರ ಸನ್ನಿಧಾನಕ್ಕೆ,

ಒಬ್ಬ ಉಳಿತಾಯ ಖಾತೆದಾರನ ನಮಸ್ಕಾರಗಳು.

ನೀವು ಯಾವ ದೇಶದವರು, ಯಾವ ಪಕ್ಷದವರು ಎಂಬುದು ನನಗೆ ಗೊತ್ತಿಲ್ಲ. ಆ ರಾತ್ರಿ ಯಾವ ವರ್ಷ ಬರುತ್ತದೆ ಎಂಬುದೂ ಗೊತ್ತಿಲ್ಲ. ನೀವು ಏನು ಹೇಳಲಿದ್ದೀರಿ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ದೇಶದ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ. ಯಾರೂ ಗಾಬರಿಪಡಬೇಕಾಗಿಲ್ಲ. ಈ ತೊಂದರೆ ಹೊರಗಿನಿಂದ ಬಂದದ್ದು. ಎಲ್ಲರೂ ಒಂದಿಷ್ಟು ತ್ಯಾಗಕ್ಕೆ ಸಿದ್ಧರಾಗಬೇಕು. ದೇವರು ನಮ್ಮೆಲ್ಲರನ್ನೂ ಕಾಪಾಡಲಿ. ನಿಮ್ಮ ಕುರ್ಚಿಯಲ್ಲಿ ಕೂತವರು ಸುಮಾರು ನೂರು ವರ್ಷಗಳಿಂದ ಬಾವುಟ ಬದಲಾಯಿಸಿ, ಭಾಷೆ ಬದಲಾಯಿಸಿ ಇದನ್ನೇ ಓದುತ್ತ ಬಂದಿದ್ದಾರೆ.

ದೂರು ಹೇಳಲು ಬರೆಯುತ್ತಿದ್ದೇನೆಂದು ತಿಳಿಯಬೇಡಿ. ಮೊದಲು ಧನ್ಯವಾದ ಹೇಳುವುದಿದೆ. ಜಿಡಿಪಿ, ಚಾಲ್ತಿ ಖಾತೆ ಕೊರತೆ, ವಿದೇಶಿ ವಿನಿಮಯ ಮೀಸಲು ಮುಂತಾದವು ನನ್ನಂಥವರ ತಲೆಗೆ ಹೋಗುವುದಿಲ್ಲ. ಪೇಪರಿನ ವಾಣಿಜ್ಯ ಪುಟವನ್ನು ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುವ ಪೈಕಿ ನಾವು. ನಮಗೆ ಅರ್ಥವಾಗುವ ಒಂದೇ ಸೂಚ್ಯಂಕವೆಂದರೆ ತಮ್ಮ ಭಾಷಣ. ನೀವು ಹೊತ್ತಲ್ಲದ ಹೊತ್ತಿನಲ್ಲಿ ಬಂದು ‘ನಿಮ್ಮ ಹಣ ಸುರಕ್ಷಿತ’ ಎಂದಿರೋ, ಹಣ ಎಲ್ಲಿಗೋ ಹೊರಟು ನಿಂತಿದೆ ಎಂದು ನಮಗೆ ತಿಳಿಯುತ್ತದೆ. ನಿನ್ನೆಯವರೆಗೆ ಅದು ಸುರಕ್ಷಿತವೇ ಎಂದು ನಿಮ್ಮನ್ನು ಯಾರೂ ಕೇಳಿರಲಿಲ್ಲವಲ್ಲ!

ಈ ಸೂಚ್ಯಂಕದ ನಿಖರತೆ ನೋಡಿ. 1997ರ ಜೂನ್ 30ರಂದು ಥಾಯ್ಲೆಂಡಿನ ಪ್ರಧಾನಿ ಚವಲಿತ್ ಯೊಂಗ್‌ಚೈಯುಧ್ ಟೀವಿಗೆ ಬಂದು, ತಮ್ಮ ನಾಣ್ಯ ಬಾಹ್ತ್‌ನ ಅಪಮೌಲ್ಯ ಆಗುವುದೇ ಇಲ್ಲ ಎಂದರು. ಜುಲೈ 2ರಂದು ಬಾಹ್ತ್ ನೀರುಪಾಲಾಯಿತು. ಏಷ್ಯಾದ ಅರ್ಧ ಭಾಗವನ್ನು ಹಿಂದೆಯೇ ಎಳೆದುಕೊಂಡು ಹೋಯಿತು. 1998ರ ಆಗಸ್ಟ್ 14, ಶುಕ್ರವಾರ, ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ತ್ಸಿನ್ ನವ್ಗೊರೊದ್ ನಗರದಲ್ಲಿ ನಿಂತು, ರೂಬಲ್ ಅಪಮೌಲ್ಯ ಇಲ್ಲ, ಇದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಎಂದರು. ಸೋಮವಾರ ಬೆಳಿಗ್ಗೆ ಅಪಮೌಲ್ಯ ಘೋಷಣೆಯಾಯಿತು, ಸರ್ಕಾರ ತನ್ನ ಸಾಲಪತ್ರಗಳಿಗೂ ಕೈಯೆತ್ತಿತು. ಆರೂಚಿಲ್ಲರೆ ರೂಬಲ್‌ಗೆ ಸಿಗುತ್ತಿದ್ದ ಡಾಲರು ತಿಂಗಳೊಪ್ಪತ್ತಿನಲ್ಲಿ ಇಪ್ಪತ್ತರ ಆಸುಪಾಸಿಗೆ ಹೋಯಿತು. ನಾಯಕರು ಇಲ್ಲವೆಂದ ಎರಡು-ಮೂರು ದಿನಕ್ಕೆ ಆಗಿಯೇ ತೀರುವ ಇಂಥ ಮುನ್ಸೂಚನೆ ಹವಾಮಾನ ಇಲಾಖೆಯಿಂದಲೂ ಸಿಗಲಾರದು.

ಇದು ನಿಮ್ಮವರ ತಪ್ಪಲ್ಲ ಎಂಬ ವಾದವಿದೆ, ಅದರಲ್ಲಿ ಹುರುಳೂ ಇದೆ. ‘ಸೋಮವಾರ ನಮ್ಮ ನಾಣ್ಯದ ಬೆಲೆ ಇಳಿಸುತ್ತೇವೆ’ ಎಂದು ಶುಕ್ರವಾರವೇ ಹೇಳಿದರೆ ಶನಿವಾರದ ಹೊತ್ತಿಗೆ ಖಜಾನೆಯಲ್ಲಿ ಒಂದು ಡಾಲರೂ ಉಳಿಯುವುದಿಲ್ಲ. ಹಾಗಾಗಿ ಕೊನೆಯ ಗಳಿಗೆಯವರೆಗೂ ಇಲ್ಲ ಎನ್ನುವುದು ಹುದ್ದೆಯ ಕರ್ತವ್ಯ. ಒಪ್ಪಿದೆ. ಆದರೆ ಆ ಶುಕ್ರವಾರ ನಿಮ್ಮನ್ನು ನಂಬುವವರು ಯಾರು? ದೊಡ್ಡ ಗಂಟಿನವರು ಭಾಷಣ ಕೇಳಿ ವ್ಯವಹಾರ ಮಾಡುವುದಿಲ್ಲ, ಅವರಿಗೆ ಸುದ್ದಿ ಮುಟ್ಟಿಸುವವರು ಬೇರೆ ಇರುತ್ತಾರೆ. ನಂಬುವವರು ಪಿಂಚಣಿದಾರರು, ಮೇಷ್ಟ್ರುಗಳು, ಮಗಳ ಮದುವೆಗೆಂದು ಬ್ಯಾಂಕಿನಲ್ಲಿ ನಾಲ್ಕು ಕಾಸು ಇಟ್ಟವರು. ನಂಬಿಕೆಗೂ ಒಂದು ತೆರಿಗೆ ಇದೆ, ಸ್ವಾಮಿ. ಅದನ್ನು ಕಟ್ಟುವವರು ನಂಬಿದವರು ಮಾತ್ರ.

ಮೆಕ್ಸಿಕೋದ ಅಧ್ಯಕ್ಷ ಹೋಸೆ ಲೋಪೆಸ್ ಪೋರ್ತಿಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. 1982ರ ಫೆಬ್ರುವರಿಯಲ್ಲಿ, ಪೆಸೊ ನಾಣ್ಯವನ್ನು ನಾಯಿಯ ಹಾಗೆ ಕಾಯುತ್ತೇನೆ ಎಂದು ಸಾರಿದರು. ಆ ತಿಂಗಳು ಮುಗಿಯುವುದರೊಳಗೆ ಪೆಸೊ ಕುಸಿಯಿತು. ಸೆಪ್ಟೆಂಬರ್ 1ರಂದು ಸಂಸತ್ತಿನಲ್ಲಿ ಬಡವರ ಕ್ಷಮೆ ಕೇಳಿ ಕಣ್ಣೀರಿಟ್ಟು, ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ಆಮೇಲೆ ಅವರು ಹೊರಗೆ ಕಾಣಿಸಿಕೊಂಡರೆ ಜನ ಬೊಗಳುತ್ತಿದ್ದರಂತೆ. ಅವರ ಕುಟುಂಬದ ಭವ್ಯ ಬಂಗಲೆಗಳು ಎದ್ದ ಜಾಗಕ್ಕೆ ‘ನಾಯಿ ಗುಡ್ಡ’ ಎಂಬ ಹೆಸರೇ ನಿಂತಿತು. ಆದ್ದರಿಂದ ತಮ್ಮಲ್ಲಿ ಸವಿನಯ ವಿನಂತಿ: ಭಾಷಣದಲ್ಲಿ ನಿಯತ್ತಿನ ಪ್ರಾಣಿಗಳ ಹೆಸರೆತ್ತಬೇಡಿ.

ಅಪಮೌಲ್ಯ ಮಾಡಿಯಾದ ಮೇಲೆ ಹೇಗೆ ಮಾತಾಡಬೇಕೆಂಬುದಕ್ಕೆ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. 1967ರ ನವೆಂಬರಿನಲ್ಲಿ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಿದ ಮರುದಿನ ಟೀವಿಯಲ್ಲಿ ಅವರು, ಇದರಿಂದ ನಿಮ್ಮ ಜೇಬಿನಲ್ಲಿರುವ ಪೌಂಡಿನ ಬೆಲೆಯೇನೂ ಇಳಿದಿಲ್ಲ ಎಂದರು. ಮಾತು ಕಾನೂನಿನ ಪ್ರಕಾರ ಸರಿಯೇ. ಮರುದಿನ ಬೆಳಿಗ್ಗೆ ಲಂಡನ್ನಿನ ಅಂಗಡಿಯವನು ಒಂದು ಪೌಂಡನ್ನು ಒಂದು ಪೌಂಡೆಂದೇ ತೆಗೆದುಕೊಂಡ. ಆದರೆ ಹೊರದೇಶದಿಂದ ಬರುವ ಗೋಧಿ, ಎಣ್ಣೆ, ಹಣ್ಣುಗಳಿಗೆ ಪ್ರಧಾನಿಯ ಭಾಷಣ ಕೇಳಿಸುವುದಿಲ್ಲ. ವಿಲ್ಸನ್ ನಾಲ್ಕು ಚುನಾವಣೆ ಗೆದ್ದವರು. ಎಷ್ಟೋ ಕೆಲಸ ಮಾಡಿದವರು. ಜನ ನೆನಪಿಟ್ಟುಕೊಂಡದ್ದು ಮಾತ್ರ ಆ ಜೇಬನ್ನು.

ಇನ್ನು ಬುನಾದಿ. ನ್ಯೂಯಾರ್ಕ್ ಷೇರುಪೇಟೆಯ ಕರಾಳ ಗುರುವಾರದ ಮರುದಿನ, 1929ರ ಅಕ್ಟೋಬರ್ 25ರಂದು, ಅಧ್ಯಕ್ಷ ಹರ್ಬರ್ಟ್ ಹೂವರ್ ದೇಶದ ಮೂಲ ವ್ಯವಹಾರಗಳು ಭದ್ರವಾಗಿವೆ, ಸಮೃದ್ಧವಾಗಿವೆ ಎಂದರು. 1930ರ ಮೇ ತಿಂಗಳಲ್ಲಿ, ಕೆಟ್ಟ ಕಾಲ ಕಳೆಯಿತು ಎಂದರು. 1933ರ ಹೊತ್ತಿಗೆ ಅಮೆರಿಕದಲ್ಲಿ ಕೆಲಸ ಮಾಡಬಲ್ಲ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ದಕ್ಷಿಣ ಕೊರಿಯಾದ ಅರ್ಥ ಮಂತ್ರಿ 1997ರಲ್ಲಿ ಬುನಾದಿ ಗಟ್ಟಿಯೆಂದು ಹೇಳುತ್ತಲೇ ಇದ್ದರು, ನವೆಂಬರಿನಲ್ಲಿ ದೇಶ ಐಎಂಎಫ್ ಬಾಗಿಲಲ್ಲಿ ನಿಂತಿತ್ತು. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿದ ದಿನವೇ ಅಧ್ಯಕ್ಷ ಪದವಿಯ ಅಭ್ಯರ್ಥಿ ಜಾನ್ ಮೆಕೇನ್ ಬುನಾದಿಯನ್ನು ಹೊಗಳಿ, ಚುನಾವಣೆಯನ್ನೂ ಕಳೆದುಕೊಂಡರು. ಬುನಾದಿಯ ಮಾತು ಶುರುವಾದರೆ ಮಾಳಿಗೆ ಕುಸಿದಿದೆ ಎಂದೇ ಲೆಕ್ಕ.

ದೇವರ ವಿಷಯಕ್ಕೆ ಬಂದರೆ ಐಸ್‌ಲ್ಯಾಂಡ್ ನೆನಪಾಗುತ್ತದೆ. ಮೂರು ಲಕ್ಷ ಚಿಲ್ಲರೆ ಜನರ ಆ ಪುಟ್ಟ ದೇಶದ ಮೂರು ದೊಡ್ಡ ಬ್ಯಾಂಕುಗಳು ಸಾಲ ಮಾಡಿ ಬೆಳೆದು, ದೇಶದ ವಾರ್ಷಿಕ ಉತ್ಪನ್ನದ ಸುಮಾರು ಹತ್ತು ಪಟ್ಟು ದೊಡ್ಡವಾಗಿದ್ದವು. 2008ರ ಅಕ್ಟೋಬರ್ 6ರಂದು ಪ್ರಧಾನಿ ಗೈರ್ ಹಾರ್ದೆ ಟೀವಿಯಲ್ಲಿ ಮಾತಾಡಿ, ಕೊನೆಗೆ ದೇವರು ಐಸ್‌ಲ್ಯಾಂಡನ್ನು ಕಾಪಾಡಲಿ ಎಂದರು. ರಾಜಕೀಯ ಭಾಷಣದಲ್ಲಿ ದೇವರ ಹೆಸರು ಕೇಳಿ ಅಭ್ಯಾಸವಿಲ್ಲದ ಜನ ಅಲ್ಲೇ ಬೆಚ್ಚಿದರು. ಅದೇ ವಾರ ಮೂರೂ ಬ್ಯಾಂಕುಗಳು ಬಿದ್ದವು. ಆಮೇಲೆ ಹಾರ್ದೆಯವರ ಮೇಲೆ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. 2012ರಲ್ಲಿ ಒಂದೇ ಒಂದು ಆರೋಪ ಸಾಬೀತಾಯಿತು: ಬಿಕ್ಕಟ್ಟಿನ ಮಹತ್ವದ ವಿಷಯಗಳ ಬಗ್ಗೆ ಅವರು ಸಂಪುಟ ಸಭೆ ಕರೆದಿರಲಿಲ್ಲ. ಶಿಕ್ಷೆಯೇನೂ ಆಗಲಿಲ್ಲ. ದೇವರನ್ನು ಕರೆದರು, ಮಂತ್ರಿಗಳನ್ನು ಕರೆಯಲಿಲ್ಲ, ಅಷ್ಟೇ.

ತ್ಯಾಗದ ಅಧ್ಯಾಯ ನಮಗೆಲ್ಲ ಅತ್ಯಂತ ಪ್ರಿಯವಾದದ್ದು. 2022ರ ಜೂನಿನಲ್ಲಿ ಪಾಕಿಸ್ತಾನದ ಮಂತ್ರಿ ಅಹ್ಸಾನ್ ಇಕ್ಬಾಲ್, ಚಹಾ ಸೊಪ್ಪಿನ ಆಮದಿಗೆ ಸಾಲ ಮಾಡಬೇಕಾಗಿದೆ, ದಿನಕ್ಕೆ ಒಂದೆರಡು ಕಪ್ ಕಡಿಮೆ ಕುಡಿಯಿರಿ ಎಂದು ಕೇಳಿಕೊಂಡರು. ನಮ್ಮಲ್ಲಿ 2012ರ ಸೆಪ್ಟೆಂಬರಿನಲ್ಲಿ ಡೀಸೆಲ್ ಬೆಲೆ ಲೀಟರಿಗೆ ಐದು ರೂಪಾಯಿ ಏರಿಸಿ, ಸಬ್ಸಿಡಿ ಸಿಲಿಂಡರನ್ನು ವರ್ಷಕ್ಕೆ ಆರಕ್ಕೆ ಕಟ್ಟುಹಾಕಿದ ಮೇಲೆ ಪ್ರಧಾನಿ ಮನಮೋಹನ್ ಸಿಂಗ್ ಟೀವಿಗೆ ಬಂದು, ದುಡ್ಡು ಮರದಲ್ಲಿ ಬೆಳೆಯುವುದಿಲ್ಲ ಎಂದರು. ಮಲೆನಾಡಿನ ಅಡಿಕೆ ಬೆಳೆಗಾರರು ಈ ಮಾತನ್ನು ಪೂರ್ತಿ ಒಪ್ಪಲಿಕ್ಕಿಲ್ಲ. ಕೊಳೆರೋಗ ಬಂದ ವರ್ಷ ಕೇಳಿದ್ದರೆ ಒಪ್ಪುತ್ತಿದ್ದರು. ಕೊರಿಯಾದಲ್ಲಂತೂ ಜನ ಹೇಳಿದ್ದಕ್ಕಿಂತ ಹೆಚ್ಚು ಮಾಡಿದರು. 1998ರ ಆರಂಭದಲ್ಲಿ ಸುಮಾರು 35 ಲಕ್ಷ ಮಂದಿ ಸಾಲುಗಟ್ಟಿ ನಿಂತು ಮದುವೆಯ ಉಂಗುರ, ಮಗುವಿನ ಹುಟ್ಟುಹಬ್ಬದ ಉಂಗುರಗಳನ್ನು ದೇಶದ ಸಾಲ ತೀರಿಸಲೆಂದು ಮಾರಿದರು. ಸುಮಾರು 227 ಟನ್ ಚಿನ್ನ ಕೂಡಿಬಂತು. ಸಾಲ ಮಾಡಿದ್ದು ಯಾರೆಂದರೆ ಭಾರಿ ಉದ್ಯಮ ಸಮೂಹಗಳು ಮತ್ತು ಅವುಗಳಿಗೆ ಕಣ್ಣುಮುಚ್ಚಿ ಕೊಟ್ಟ ಬ್ಯಾಂಕುಗಳು. ಉಂಗುರ ಬಿಚ್ಚಿದ್ದು ಮನೆಯ ಹೆಂಗಸರು.

ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರನ್ನು ಮರೆತರೆ ಅಪಚಾರವಾದೀತು. 2008ರ ಸೆಪ್ಟೆಂಬರ್ 24ರ ರಾತ್ರಿಯ ಅವರ ಭಾಷಣ ನಿಮ್ಮ ಸಂಪ್ರದಾಯಕ್ಕೆ ತದ್ವಿರುದ್ಧ. ಗಾಬರಿಪಡಬೇಡಿ ಎನ್ನುವ ಬದಲು, ಇಡೀ ಆರ್ಥಿಕತೆಯೇ ಅಪಾಯದಲ್ಲಿದೆ ಎಂದು ಗಾಬರಿ ಹುಟ್ಟಿಸಿದರು. ಕಾರಣ, ಸಂಸತ್ತಿನಿಂದ 70 ಸಾವಿರ ಕೋಟಿ ಡಾಲರ್ ಬೇಕಿತ್ತು. ತಪ್ಪು ಮಾಡಿದ ಕಂಪನಿ ಮುಳುಗಿಹೋಗಲಿ ಎನ್ನುವವನು ನಾನು, ಆದರೆ ಇವು ಸಾಮಾನ್ಯ ದಿನಗಳಲ್ಲ ಎಂದರು. ವಾಲ್‌ಸ್ಟ್ರೀಟಿಗೆ ಅವು ಸಾಮಾನ್ಯ ದಿನಗಳಾಗಿರಲಿಲ್ಲ, ನಿಜ. ಕಂತು ಕಟ್ಟಲಾಗದೆ ಮನೆ ಕಳೆದುಕೊಂಡ ಲಕ್ಷಾಂತರ ಕುಟುಂಬಗಳಿಗೆ ಮಾತ್ರ ಹಳೆಯ ಸಾಮಾನ್ಯ ನಿಯಮವೇ ಲಾಗೂ ಆಯಿತು: ಸಾಲ ಕಟ್ಟದಿದ್ದರೆ ಮನೆ ಬಿಡಿ.

ಕೊಟ್ಟ ಮಾತಿನ ಕಥೆಗೆ ಅರ್ಜೆಂಟೀನಾ ನೋಡಿ. ಅಲ್ಲಿ ಜನರ ಠೇವಣಿಗೆ ಬೀಗ ಹಾಕಿ ಆಗಿತ್ತು. ಒಬ್ಬ ಅಧ್ಯಕ್ಷರು 2001ರ ಡಿಸೆಂಬರಿನಲ್ಲಿ ಹೆಲಿಕಾಪ್ಟರ್ ಹತ್ತಿ ಹೋಗಿದ್ದರು. 2002ರ ಹೊಸ ವರ್ಷದ ದಿನ ಅಧ್ಯಕ್ಷರಾಗಿ ಆಯ್ಕೆಯಾದ ಎದುವಾರ್ದೊ ದುವಾಲ್ದೆ, ಡಾಲರ್ ಇಟ್ಟವರಿಗೆ ಡಾಲರನ್ನೇ ಕೊಡುತ್ತೇವೆ ಎಂದು ಸಂಸತ್ತಿನಲ್ಲಿ ಮಾತು ಕೊಟ್ಟರು. ಕೆಲವೇ ವಾರಗಳಲ್ಲಿ ಠೇವಣಿಯ ಪ್ರತಿ ಡಾಲರನ್ನೂ 1.40 ಪೆಸೊಗೆ ಬದಲಾಯಿಸಲಾಯಿತು; ಪೇಟೆಯಲ್ಲಿ ಡಾಲರ್ ಆಗಲೇ ಅದಕ್ಕಿಂತ ದುಬಾರಿಯಾಗಿತ್ತು. ಬ್ಯಾಂಕಿನಿಂದ ಡಾಲರ್ ಸಾಲ ತೆಗೆದವರಿಗೆ ಮಾತ್ರ ಡಾಲರಿಗೆ ಒಂದೇ ಪೆಸೊ. ಕೂಡಿಟ್ಟವರಿಗಿಂತ ಸಾಲ ಮಾಡಿದವರೇ ಜಾಣರು ಎಂದು ಸರ್ಕಾರವೇ ಪ್ರಮಾಣಪತ್ರ ಕೊಟ್ಟಂತಾಯಿತು.

ನಿಮ್ಮವರಲ್ಲಿ ನೆಟ್ಟಗೆ ಮಾತಾಡಿದವರೇ ಇಲ್ಲವೆಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡಾಗ ಅಮೆರಿಕದ ಬ್ಯಾಂಕುಗಳ ಮುಂದೆ ಜನ ಮುಗಿಬಿದ್ದಿದ್ದರು. ಅವರು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಸಾರಿ, ಹೊಸ ಕಾನೂನು ಮಾಡಿಸಿ, ಮಾರ್ಚ್ 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ ಮಾತಾಡಿದರು. ನೀವು ಇಟ್ಟ ಹಣವನ್ನು ಬ್ಯಾಂಕಿನವರು ತಿಜೋರಿಯಲ್ಲಿ ಇಟ್ಟಿರುವುದಿಲ್ಲ, ಸಾಲಕ್ಕೆ ಕೊಟ್ಟಿರುತ್ತಾರೆ, ಎಲ್ಲರೂ ಒಟ್ಟಿಗೇ ಬಂದು ಕೇಳಿದರೆ ಎಂಥ ಗಟ್ಟಿ ಬ್ಯಾಂಕಿನಲ್ಲೂ ಅಷ್ಟು ನೋಟು ಇರುವುದಿಲ್ಲ ಎಂದು ಮೊದಲಿಂದ ವಿವರಿಸಿದರು. ಎಲ್ಲ ಬ್ಯಾಂಕೂ ಬಾಗಿಲು ತೆರೆಯುತ್ತದೆಂದಾಗಲಿ, ಯಾರಿಗೂ ನಷ್ಟವಾಗುವುದಿಲ್ಲವೆಂದಾಗಲಿ ಮಾತು ಕೊಡಲಾರೆ ಎಂದೂ ಹೇಳಿದರು. ಮರುದಿನದಿಂದ ಬ್ಯಾಂಕುಗಳು ತೆರೆದಾಗ ಜನ ಮತ್ತೆ ಸಾಲುಗಟ್ಟಿದರು. ಈ ಸಲ ಹಾಸಿಗೆಯಡಿ ಇಟ್ಟಿದ್ದ ನೋಟುಗಳನ್ನು ವಾಪಸು ಕಟ್ಟುವುದಕ್ಕೆ. ಮಾರ್ಚ್ 15ರಂದು ಷೇರು ಸೂಚ್ಯಂಕ ಡೌ ಶೇ 15ಕ್ಕಿಂತ ಹೆಚ್ಚು ಏರಿತು. ನಷ್ಟವೂ ಆಗಬಹುದು ಎಂದವರನ್ನು ಜನ ನಂಬಿದರು ನೋಡಿ!

ಆದರೆ ಆ ಭಾನುವಾರ ಹೇಳದೆ ಉಳಿದದ್ದೂ ಒಂದಿತ್ತು. ಏಪ್ರಿಲ್ 5ರಂದು ಆಜ್ಞೆ ಬಂತು: ಮನೆಯಲ್ಲಿರುವ ಚಿನ್ನದ ನಾಣ್ಯ, ಗಟ್ಟಿಗಳನ್ನು ಔನ್ಸಿಗೆ 20.67 ಡಾಲರಿನಂತೆ ಸರ್ಕಾರಕ್ಕೆ ಒಪ್ಪಿಸಿ. ಜನ ಒಪ್ಪಿಸಿಯಾದ ಮೇಲೆ, 1934ರ ಜನವರಿಯ ಕೊನೆಗೆ, ಸರ್ಕಾರ ಅದೇ ಚಿನ್ನದ ಬೆಲೆಯನ್ನು 35 ಡಾಲರ್ ಎಂದು ನಿಗದಿ ಮಾಡಿತು.

ನೆರೆಯ ಶ್ರೀಲಂಕಾದ ಕಥೆಯೂ ಇದೇ ದಾರಿಯದು. 2019ರ ಕೊನೆಗೆ ತೆರಿಗೆಗಳನ್ನು ಭಾರಿಯಾಗಿ ಇಳಿಸಿ, 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿದ ಅಧ್ಯಕ್ಷ ಗೊಟಬಯ ರಾಜಪಕ್ಸ 2022ರ ಮಾರ್ಚ್ 16ರಂದು ರಾಷ್ಟ್ರವನ್ನು ಉದ್ದೇಶಿಸಿ, ಈ ಬಿಕ್ಕಟ್ಟು ನಾನು ಮಾಡಿದ್ದಲ್ಲ ಎಂದರು. ಆ ದಿನಗಳಲ್ಲಿ ಜನ ಸೀಮೆಎಣ್ಣೆ, ಪೆಟ್ರೋಲಿಗೆ ಕ್ಯೂ ನಿಂತಿದ್ದರು. ಕ್ಯೂನಲ್ಲೇ ಕುಸಿದು ಸತ್ತ ವೃದ್ಧರೂ ಇದ್ದರು. ಕಾಗದವಿಲ್ಲದೆ ಶಾಲಾ ಪರೀಕ್ಷೆಗಳು ನಿಂತಿದ್ದವು. ಏಪ್ರಿಲ್ 11ರಂದು ಪ್ರಧಾನಿ ಮಹಿಂದ ರಾಜಪಕ್ಸ, ನೀವು ಬೀದಿಯಲ್ಲಿ ಪ್ರತಿಭಟಿಸುವ ಒಂದೊಂದು ಕ್ಷಣಕ್ಕೂ ದೇಶಕ್ಕೆ ಬರುವ ಡಾಲರ್ ತಪ್ಪುತ್ತದೆ ಎಂದು ಬುದ್ಧಿ ಹೇಳಿದರು. ಮರುದಿನ ಅವರ ಸರ್ಕಾರವೇ ವಿದೇಶಿ ಸಾಲದ ಕಂತು ಕಟ್ಟಲಾಗದು ಎಂದು ಘೋಷಿಸಿತು. ಮಹಿಂದ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು, ಗೊಟಬಯ ಜುಲೈಯಲ್ಲಿ ದೇಶವನ್ನೇ ಬಿಟ್ಟು ಓಡಿದರು.

ನಡುವೆ ಪ್ರಧಾನಿಯಾದ ರನಿಲ್ ವಿಕ್ರಮಸಿಂಘೆ ಮೇ 16ರಂದು ಮಾಡಿದ ಭಾಷಣವನ್ನು ನೀವು ಅಗತ್ಯ ಓದಬೇಕು. ಪೆಟ್ರೋಲ್ ಇರುವುದು ಒಂದು ದಿನಕ್ಕೆ ಮಾತ್ರ. ಖಜಾನೆಗೆ ಹತ್ತು ಲಕ್ಷ ಡಾಲರ್ ಹುಡುಕುವುದೂ ಕಷ್ಟ. ಸಂಬಳ ಕೊಡಲು ನೋಟು ಅಚ್ಚು ಹಾಕಬೇಕಾಗಿದೆ. ಸರ್ಕಾರಿ ವಿಮಾನ ಸಂಸ್ಥೆಯ ನಷ್ಟವನ್ನು ವಿಮಾನದ ಮೆಟ್ಟಿಲನ್ನೇ ಹತ್ತದ ಬಡವರು ಹೊರಬೇಕಾಗಿದೆ. ಮುಂದಿನ ಎರಡು ತಿಂಗಳು ನಮ್ಮ ಬದುಕಿನಲ್ಲೇ ಅತ್ಯಂತ ಕಷ್ಟದ ದಿನಗಳು. ಇಷ್ಟು ನೇರವಾಗಿ ಮಾತಾಡಿದ ನಾಯಕರು ವಿರಳ. ಆದರೆ ಅವರೇ ಅಧ್ಯಕ್ಷರಾಗಿ 2023ರಲ್ಲಿ ದೇಶದೊಳಗಿನ ಸಾಲವನ್ನು ಮರುಹೊಂದಿಸಿದಾಗ ಬ್ಯಾಂಕುಗಳ ಕೈಯಲ್ಲಿದ್ದ ಸರ್ಕಾರಿ ಬಾಂಡುಗಳನ್ನು ಹೊರಗಿಟ್ಟು, ಕಾರ್ಮಿಕರ ಭವಿಷ್ಯ ನಿಧಿಯ ಬಾಂಡುಗಳನ್ನು ಒಳಗೆ ತರಲಾಯಿತು. ಬ್ಯಾಂಕು ಬಿದ್ದರೆ ಠೇವಣಿದಾರರೂ ಬೀಳುತ್ತಾರೆ ಎಂಬ ಸಮರ್ಥನೆ ಇತ್ತು. ಆದರೆ ಭಾರ ಬಿದ್ದದ್ದು ದುಡಿದವರ ಮುಪ್ಪಿನ ಗಂಟಿನ ಮೇಲೆ. 2024ರ ಚುನಾವಣೆಯಲ್ಲಿ ಜನ ಅವರನ್ನು ಮೂರನೇ ಸ್ಥಾನಕ್ಕೆ ಇಳಿಸಿದರು.

ಹೀಗಾಗಿ ನನ್ನ ತಕರಾರು ನಿಮ್ಮ ಸುಳ್ಳಿನ ಮೇಲೆ ಅಷ್ಟಿಲ್ಲ. ಅದನ್ನು ತಿರುಗಿಸಿ ಓದಲು ನಾವು ಕಲಿತಿದ್ದೇವೆ. ಸುಳ್ಳು ಹೇಳಿದವರೂ ನಿಜ ಹೇಳಿದವರೂ ಸೇರಿ ಒಂದು ಸಾಲನ್ನು ಬಿಡುತ್ತ ಬಂದಿದ್ದೀರಿ: ಈ ನಷ್ಟವನ್ನು ಕಟ್ಟುವವರು ಯಾರು? ಮರೆವಿನಿಂದ ಬಿಟ್ಟದ್ದೆಂದು ನನಗೆ ಅನಿಸುವುದಿಲ್ಲ. ಬಿಲ್ಲು ಯಾರ ಹೆಸರಿಗೆ ಬರುತ್ತದೆಂದು ಮೊದಲೇ ಗೊತ್ತಾದರೆ ಜನ ಚೌಕಾಶಿಗೆ ನಿಲ್ಲುತ್ತಾರೆ. ನಿಂತರೆ ಬಿಲ್ಲು ಕಡಿಮೆಯಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ.

1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಹೊರದೇಶಕ್ಕೆ ಸಾಗಿಸಿ ಗಿರವಿ ಇಟ್ಟಿತು. ಜನರಿಗೆ ಅದು ತಿಳಿದದ್ದು ಪತ್ರಿಕೆಯ ವರದಿಯಿಂದ. ಅದರ ಬಗ್ಗೆ ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಏನನ್ನೂ ಮಾಡುವಂತಿರಲಿಲ್ಲ. ಅದೇ ಜುಲೈ 24ರಂದು ಅರ್ಥ ಮಂತ್ರಿ ಮನಮೋಹನ್ ಸಿಂಗ್ ಬಜೆಟ್ ಭಾಷಣದಲ್ಲಿ, ವಿದೇಶಿ ವಿನಿಮಯ ಮೀಸಲು ಇರುವುದು ಸುಮಾರು 2,500 ಕೋಟಿ ರೂಪಾಯಿ, ಅದು ಹದಿನೈದು ದಿನದ ಆಮದಿಗೆ ಮಾತ್ರ ಸಾಕು ಎಂದು ಬಿಚ್ಚಿ ಹೇಳಿದರು. ಅದರ ಜೊತೆಗೇ ರಸಗೊಬ್ಬರದ ಬೆಲೆಯನ್ನು ಶೇ 40ರಷ್ಟು ಏರಿಸುತ್ತೇವೆ ಎಂದರು. ಕಟ್ಟಬೇಕಾದವನು ರೈತ ಎಂಬುದು ಸಂಸತ್ತಿನಲ್ಲೇ ಬೆಳಕಿಗೆ ಬಂತು. ವಿರೋಧ ಪಕ್ಷದವರು ಹಾಗಿರಲಿ, ಆಳುವ ಪಕ್ಷದವರೇ ಎದ್ದು ನಿಂತರು. ಕೊನೆಗೆ ಏರಿಕೆ ಶೇ 30ಕ್ಕೆ ಇಳಿಯಿತು. ಸಣ್ಣ, ಅತಿಸಣ್ಣ ರೈತರಿಗೆ ವಿನಾಯಿತಿ ಸಿಕ್ಕಿತು. ಆಕಾಶವೇನೂ ಕಳಚಿ ಬೀಳಲಿಲ್ಲ, ದೇಶವೂ ಚೇತರಿಸಿಕೊಂಡಿತು. ಒಂದೇ ತಿಂಗಳಲ್ಲಿ ಮುಚ್ಚಿ ಮಾಡಿದ್ದೂ ಇದೆ, ಬಿಚ್ಚಿ ಮಾಡಿದ್ದೂ ಇದೆ. ಬಿಚ್ಚಿ ಮಾಡಿದ್ದರಲ್ಲಿ ಬಡವನ ಪಾಲು ಹಗುರಾಯಿತು.

ಆದ್ದರಿಂದ ಮಾನ್ಯರೇ, ಆ ರಾತ್ರಿಗೆಂದು ನಿಮ್ಮ ಭಾಷಣ ಬರೆಯುವವರಿಗೆ ದಯವಿಟ್ಟು ಈಗಲೇ ಹೇಳಿಡಿ. ಬುನಾದಿ, ಜೇಬು, ನಾಯಿ, ದೇವರು, ಚಹಾ ಯಾವುದನ್ನಾದರೂ ಸೇರಿಸಿಕೊಳ್ಳಲಿ, ನಮ್ಮ ಅಭ್ಯಂತರವಿಲ್ಲ. ಅವುಗಳಿಗೆ ಮೊದಲು ಮೂರು ಸಾಲು ಬರಲಿ: ಹೋದದ್ದೆಷ್ಟು, ಹೋದದ್ದು ಯಾರ ಕೈಯಿಂದ, ತುಂಬಿಕೊಡಬೇಕಾದವರು ಯಾರು. ಮೂರನೆಯ ಸಾಲಿನಲ್ಲಿ ನಮ್ಮ ಹೆಸರಿದ್ದರೆ ಇರಲಿ, ನಮಗೆ ಅಭ್ಯಾಸವಿದೆ. ಆದರೆ ಚೌಕಾಶಿ ಮಾಡುವಷ್ಟು ಸಮಯ ಕೊಟ್ಟು ಹೇಳಿ.

ಇಂತಿ ನಂಬಿ ಕೆಟ್ಟವರ ಪೈಕಿ,
ಒಬ್ಬ ಉಳಿತಾಯ ಖಾತೆದಾರ